ಅಂಬಲಿಯ ಹುಳಿಯೂ ಜೋಳದ ಬೂಷ್ಟೂ

ಎಳ್ಳ ಅಮಾವಾಸ್ಯೆಯಂದು ಅಕ್ಕಲಕೋಟೆಯ ಸೀಮೆಯಲ್ಲಿ ಹೊಲಕ್ಕೆ ಹೊರಡುವ ಬುತ್ತಿಯಲ್ಲಿ ಸಜ್ಜೆಯ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆಗಳ ಜೊತೆಗೆ ಅಂಬಲಿಯ ಗಡಿಗೆ ಇರಲೇಬೇಕು. ನಮ್ಮ ಮರಾಠಿ ನೆರೆಹೊರೆಯವರು ಇದೇ ಹಬ್ಬವನ್ನು ವೇಳಾ ಅಮಾವಾಸ್ಯೆಯೆಂದೂ ಇದೇ ಪೇಯವನ್ನು ಆಂಬೀಲವೆಂದೂ ಕರೆಯುತ್ತಾರೆ; ಹೆಸರು ಎರಡಾದರೂ ಗಡಿಗೆ ಒಂದೇ. ಜೋಳದ ಹಿಟ್ಟನ್ನು ನೀರಿನಲ್ಲಿ ಕದಡಿ, ರಾತ್ರಿಯಿಡೀ ಹುಳಿಬರಲು ಬಿಟ್ಟು, ಮರುದಿನ ಕುದಿಸಿ, ಆರಿದ ಮೇಲೆ ಮಜ್ಜಿಗೆ, ಉಪ್ಪು, ಬೆಳ್ಳುಳ್ಳಿ, ಜೀರಿಗೆಗಳನ್ನು ಬೆರೆಸಿದರೆ ಅಂಬಲಿ ಸಿದ್ಧವಾಯಿತು. ಮನೆಮನೆಗೂ ಕ್ರಮ ತುಸು ಬೇರೆ, ಅಷ್ಟೆ.

ಆ ಒಂದು ರಾತ್ರಿಯಲ್ಲಿ ಗಡಿಗೆಯೊಳಗೆ ನಡೆಯುವ ಕೆಲಸ ಸಣ್ಣದಲ್ಲ. ಹಿಟ್ಟಿನಲ್ಲಿಯೂ ಗಡಿಗೆಯ ಒಳಮೈಯಲ್ಲಿಯೂ ನೆಲೆಸಿರುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಹಿಟ್ಟಿನ ಸಕ್ಕರೆಯನ್ನುಂಡು ಆಮ್ಲವನ್ನು ಬಿಡುತ್ತವೆ. ಹುಳಿ ಏರಿದಂತೆ, ಹೊಟ್ಟೆಯನ್ನು ಕೆಡಿಸುವ ಅನೇಕ ರೋಗಾಣುಗಳಿಗೆ ಅಲ್ಲಿ ಬದುಕುವುದು ದುಸ್ತರವಾಗುತ್ತದೆ. ಧಾನ್ಯದಲ್ಲಿ ಕಬ್ಬಿಣದ ಅಂಶವನ್ನು ಕಟ್ಟಿಹಿಡಿದಿರುವ ಫೈಟಿಕ್ ಆಮ್ಲವೂ ಒಂದಿಷ್ಟು ಒಡೆದು, ಆ ಕಬ್ಬಿಣ ದೇಹಕ್ಕೆ ದಕ್ಕುತ್ತದೆ. ಅಂಬಲಿಯ ಮೇಲೆ ನಮ್ಮ ಹಿರಿಯರಿಗಿದ್ದ ವಿಶ್ವಾಸ ಆಧಾರವಿಲ್ಲದ್ದಲ್ಲ. ಆದರೆ ಆ ವಿಶ್ವಾಸ ತನ್ನ ಎಲ್ಲೆಯನ್ನು ಮೀರಿಯೂ ಹಬ್ಬಿದೆ. ಮಳೆಗೆ ಸಿಕ್ಕಿ ಕಪ್ಪಾದ, ಮುಗ್ಗಲು ವಾಸನೆಯ ಜೋಳ ರೊಟ್ಟಿಗೆ ಬಾರದಿದ್ದರೇನಾಯಿತು, ಹುಳಿಬರಿಸಿ ಕುದಿಸಿದರೆ ಅಂಬಲಿಗಾದೀತು ಎಂದು ಎಣಿಸುವವರುಂಟು. ಈ ವಾರದ ಮಾತು ಅವರನ್ನು ಕುರಿತದ್ದು.

ಬೂಷ್ಟು ಬೇರೆ, ಬೂಷ್ಟಿನ ವಿಷ ಬೇರೆ. ಬೂಷ್ಟು ಜೀವಿ, ಕುದಿಸಿದರೆ ಸಾಯುತ್ತದೆ. ಅದು ಕಾಳಿನೊಳಗೆ ಬಿಟ್ಟುಹೋದ ವಿಷವು ಜೀವಿಯಲ್ಲ, ರಾಸಾಯನಿಕ ವಸ್ತು. ಸಾಯುವ ಪ್ರಶ್ನೆಯೇ ಅದಕ್ಕಿಲ್ಲ. ಆಸ್ಪರ್ಜಿಲಸ್ ಎಂಬ ಶಿಲೀಂಧ್ರದಿಂದ ಹುಟ್ಟುವ ಅಫ್ಲಾಟಾಕ್ಸಿನ್ ಸುಮಾರು 250 ಡಿಗ್ರಿ ಉಷ್ಣತೆಯನ್ನು ತಲುಪದೆ ಒಡೆಯುವುದಿಲ್ಲ. ಅಂಬಲಿ ಕುದಿಯುವುದು 100 ಡಿಗ್ರಿಯ ಆಸುಪಾಸಿನಲ್ಲಿ. ಹಂಚು ಎಷ್ಟೇ ಕಾದಿದ್ದರೂ ಹಸಿ ಇರುವ ತನಕ ರೊಟ್ಟಿಯ ಒಳಭಾಗ ಅದಕ್ಕಿಂತ ಹೆಚ್ಚು ಕಾಯದು. ಹುಳಿಯಿಂದ ವಿಷ ತಕ್ಕಮಟ್ಟಿಗೆ ತಗ್ಗುವುದುಂಟು; ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಅದರ ಸ್ವಲ್ಪ ಭಾಗವನ್ನು ತಮ್ಮ ಕೋಶಭಿತ್ತಿಗೆ ಅಂಟಿಸಿಕೊಳ್ಳುತ್ತವೆ. ಆದರೆ ಎಷ್ಟು ತಗ್ಗಿತು, ಎಷ್ಟು ಉಳಿಯಿತು ಎಂಬುದನ್ನು ನಾಲಗೆಯಾಗಲಿ ಮೂಗಾಗಲಿ ಹೇಳಲಾರವು. ಹುಳಿಯ ರುಚಿ ಮುಗ್ಗಲು ವಾಸನೆಯನ್ನು ಮರೆಸಿಬಿಡುವುದು ಇನ್ನೊಂದು ಅಪಾಯ.

ಜಪಾನಿನವರು ಅಕ್ಕಿ ಮತ್ತು ಸೋಯಾ ಹುದುಗಿಸಲು ಆಸ್ಪರ್ಜಿಲಸ್ ಕುಲದ ಬೂಷ್ಟನ್ನೇ ಬಳಸುತ್ತಾರಲ್ಲ ಎಂದು ಕೇಳಬಹುದು. ಅದು ಶತಮಾನಗಳಿಂದ ಆಯ್ದು ಪಳಗಿಸಿದ, ವಿಷ ಹುಟ್ಟಿಸುವ ಶಕ್ತಿಯನ್ನೇ ಕಳೆದುಕೊಂಡ ತಳಿ. ನಮ್ಮ ಕಣದ ಬೂಷ್ಟು ಪಳಗಿದ್ದಲ್ಲ.

ಇದು ಬರಿಯ ಪ್ರಯೋಗಶಾಲೆಯ ಮಾತಲ್ಲ. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯಲ್ಲಿ ಅಕಾಲಿಕ ಮಳೆ ಸುರಿದು ಕೊಯ್ದ ಜೋಳ ಮತ್ತು ಗೋವಿನಜೋಳ ಹೊಲದಲ್ಲಿಯೇ ನೆನೆದವು. ಅದನ್ನು ಉಂಡ ಹಳ್ಳಿಗರಲ್ಲಿ ಹೊಟ್ಟೆನೋವು, ಕರುಳಿನ ಗುಡುಗುಡು ಸದ್ದು, ಭೇದಿ ಕಾಣಿಸಿಕೊಂಡವು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ರಮೇಶ ಭಟ್ ಮತ್ತು ಸಂಗಡಿಗರು ಸಮೀಕ್ಷಿಸಿದ 50 ಗ್ರಾಮಗಳ ಪೈಕಿ 27ರಲ್ಲಿ ರೋಗವಿತ್ತು. ನೆನೆದು ಬೂಷ್ಟು ಹಿಡಿದ ಧಾನ್ಯವನ್ನು ಉಂಡ ಮನೆಗಳಲ್ಲಿ ಮಾತ್ರ ಇತ್ತು. ಆ ಮನೆಗಳ ಜೋಳದಲ್ಲಿ ಕಿಲೋಗ್ರಾಮಿಗೆ 7.8 ಮಿಲಿಗ್ರಾಮಿನವರೆಗೆ, ಗೋವಿನಜೋಳದಲ್ಲಿ 64.7 ಮಿಲಿಗ್ರಾಮಿನವರೆಗೆ ಫ್ಯುಮೋನಿಸಿನ್ ಸಿಕ್ಕಿತು. ರೋಗವಿಲ್ಲದ ಮನೆಗಳ ಜೋಳದಲ್ಲಿ ಅದು 0.36ನ್ನು ದಾಟಿರಲಿಲ್ಲ. ಫ್ಯುಸೇರಿಯಂ ಎಂಬ ಶಿಲೀಂಧ್ರದ ಈ ವಿಷವನ್ನು ದಕ್ಷಿಣ ಆಫ್ರಿಕದ ವಿಜ್ಞಾನಿಗಳು ಬೇರ್ಪಡಿಸಿದ್ದು 1988ರಲ್ಲಿ. ಅದಕ್ಕೂ ಹಿಂದೆ ಇಂಥ ಎಷ್ಟು ಭೇದಿಗಳು ನೀರಿನ ದೋಷವೆಂದೋ ಗಾಳಿಯ ದೋಷವೆಂದೋ ಲೆಕ್ಕಕ್ಕೆ ಹೋದವೋ!

ಕಪ್ಪಾದ ಜೋಳ ಅಗ್ಗ. ಅಗ್ಗದ ಜೋಳ ಯಾರ ಒಲೆಗೆ ಹೋಗುತ್ತದೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಈ ವಿಷಯದಲ್ಲಿ ಸೊಲ್ಲಾಪುರ ಜಿಲ್ಲೆ ಮಾತ್ರ ಪುಣ್ಯವಂತ. ಮುಂಗಾರಿ ಜೋಳದ ತೆನೆ ಮಳೆಯಲ್ಲಿಯೇ ಮಾಗುವುದರಿಂದ ಕಾಳಿಗೆ ಬೂಷ್ಟು ತಗಲುವುದು ಸುಲಭ. ನಮ್ಮದು ಹಿಂಗಾರಿ. ಮೊಹೋಳದಲ್ಲಿ ಸ್ಥಳೀಯ ಬೆಳೆಯಿಂದ ಆಯ್ದ ಮಾಲ್‌ದಂಡಿ 35-1 ಆಗಲಿ, ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಮಂಗಳವೇಢೆಯ ಜೋಳವಾಗಲಿ, ಎರೆಮಣ್ಣಿನಲ್ಲಿ ಉಳಿದ ಹಸಿಯ ಮೇಲೆ ಬೆಳೆದು ಒಣಹವೆಯಲ್ಲಿ ಮಾಗುತ್ತವೆ. ಆ ಮುತ್ತಿನಂಥ ಹೊಳಪಿಗೆ ತಳಿಯಷ್ಟೇ ಋತುವೂ ಕಾರಣ. ಋತುವನ್ನು ನಂಬಿ ಕೂರುವ ಕಾಲ ಮಾತ್ರ ಇದಲ್ಲ. 2014ರ ಫೆಬ್ರುವರಿ ಮಾರ್ಚ್ ತಿಂಗಳುಗಳಲ್ಲಿ ಮಹಾರಾಷ್ಟ್ರದ ಮೇಲೆ ಬಿದ್ದ ಆಲಿಕಲ್ಲಿನ ಮಳೆ ರಾಶಿಯ ಹೊತ್ತಿಗೇ ಬಂದಿತ್ತು.

ರಾಶಿಯಾದ ಮೇಲೆ ಸಂಗ್ರಹದ ಪ್ರಶ್ನೆ. ಹಗೇವುಗಳನ್ನು ಹಿರಿಯ ಓದುಗರು ಕಂಡಿದ್ದಾರು, ಮರಾಠಿಯಲ್ಲಿ ಪೇವ. ಬಾಯಿ ಮುಚ್ಚಿದ ಹಗೇವಿನಲ್ಲಿ ಕಾಳುಗಳೇ ಉಸಿರಾಡಿ ಆಮ್ಲಜನಕವನ್ನು ಮುಗಿಸುವುದರಿಂದ ಹುಳುವೂ ಬೂಷ್ಟೂ ಬೆಳೆಯಲಾರವು. ತೆರೆದಾಗ ಮೊದಲು ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದುದು ಇದಕ್ಕಾಗಿಯೇ. ಆದರೆ ನೆಲದ ತೇವ ಹತ್ತಿದ ಗೋಡೆಯಂಚಿನ ಜೋಳ ಕೆಡುತ್ತಿತ್ತು. ಅದನ್ನು ಬೇರೆಯಾಗಿಯೇ ತೆಗೆಯುತ್ತಿದ್ದರು. ಇಂದು ಹಗೇವಿನ ಬದಲು ಪ್ಲಾಸ್ಟಿಕ್ ಚೀಲ ಬಂದಿದೆ. ತೇವ ನೂರಕ್ಕೆ 12ರ ಆಸುಪಾಸಿಗೆ ಇಳಿಯುವ ಮೊದಲೇ ಕಟ್ಟಿ, ನೆಲಕ್ಕೂ ಗೋಡೆಗೂ ತಾಗಿಸಿ ಒಟ್ಟಿದರೆ ಒಳಗೆ ಬೆವರುತ್ತದೆ. ಹಲ್ಲಿಗೆ ಸಿಕ್ಕ ಕಾಳು ಕಟುಕ್ಕೆಂದು ಒಡೆಯಬೇಕು, ಅಪ್ಪಚ್ಚಿಯಾಗಬಾರದು. ಯಂತ್ರವಿಲ್ಲದವರಿಗೆ ಈ ಪರೀಕ್ಷೆ ಸಾಕು. ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಗೇಣುದೂರದಲ್ಲಿ ಇಡಬೇಕು.

ಕಪ್ಪು ಕಾಳು, ಮುರುಕು ಕಾಳುಗಳನ್ನು ಮೊರದಲ್ಲಿ ಕೇರಿ ಆರಿಸುವುದು, ತೊಳೆದ ನೀರನ್ನು ಚೆಲ್ಲುವುದು, ಮೇಲಿನ ತೌಡನ್ನು ಕುಟ್ಟಿ ತೆಗೆಯುವುದು, ಇವು ಹುಳಿಗಿಂತ ಹೆಚ್ಚು ಕೆಲಸ ಮಾಡುತ್ತವೆ. ವಿಷದ ಬಹುಪಾಲು ಇರುವುದು ಕೆಟ್ಟ ಕಾಳಿನಲ್ಲಿ ಮತ್ತು ಕಾಳಿನ ಹೊರಪದರದಲ್ಲಿ. ಸಜ್ಜೆಗೆ ತಗಲುವ ಎರ್ಗಟ್ ಎಂಬ ಶಿಲೀಂಧ್ರದ ಗಂಟುಗಳಂತೂ ಗಟ್ಟಿ ಉಪ್ಪುನೀರಿನಲ್ಲಿ ತೇಲಿಬರುತ್ತವೆ. ಸಂಕ್ರಾಂತಿಯ ಭೋಗಿಗೆ ಸಜ್ಜೆ ಬೀಸುವ ಮೊದಲು ಮಾಡಬಹುದಾದ ಕೆಲಸ. ಇಡಿಯ ಚೀಲಕ್ಕೇ ಮುಗ್ಗಲು ಹತ್ತಿದ್ದರೆ ಆರಿಸಿ ಫಲವಿಲ್ಲ.

ಅಂಥ ಚೀಲವನ್ನು ದನಕ್ಕೆ ಹಾಕಿದರಾಯಿತು ಎನ್ನುವುದು ರೂಢಿ. ಹಿಂಡುವ ಎಮ್ಮೆ ಆಕಳುಗಳು ತಿಂದ ಅಫ್ಲಾಟಾಕ್ಸಿನ್ನಿನ ಒಂದು ಪಾಲು ರೂಪಾಂತರಗೊಂಡು ಹಾಲಿಗೆ ಇಳಿಯುತ್ತದೆ. ಆದುದರಿಂದಲೇ ಸರಕಾರದ ಆಹಾರ ನಿಯಮಗಳು ಹಾಲಿಗೂ ಅದರ ಮಿತಿಯನ್ನು ಗೊತ್ತುಮಾಡಿವೆ, ಕಿಲೋಗ್ರಾಮಿಗೆ 0.5 ಮೈಕ್ರೋಗ್ರಾಮ್. ಕಾಯಿಸಿದರೂ ಹೆಪ್ಪುಹಾಕಿದರೂ ಅದು ಹೋಗುವುದಿಲ್ಲ. ಹಾಲು ಮೊಸರಾಗಿ, ಮೊಸರು ಮಜ್ಜಿಗೆಯಾಗಿ, ಎಳ್ಳ ಅಮಾವಾಸ್ಯೆಯ ಅದೇ ಗಡಿಗೆಗೆ ಬಂದು ಸೇರುತ್ತದೆ. ಕೆಟ್ಟ ಜೋಳಕ್ಕೆ ತಿಪ್ಪೆಗುಂಡಿಯೇ ತಕ್ಕ ಸ್ಥಳ, ಅದೂ ಕೋಳಿ ಕೆದಕದಷ್ಟು ಆಳದಲ್ಲಿ.