ದ್ರವ್ಯ, ದ್ರವ್ಯರಾಶಿ, ಶಕ್ತಿ: ಭೌತವಿಜ್ಞಾನ ಶಿಕ್ಷಕರ ಹಕ್ಕೊತ್ತಾಯ ಪತ್ರ

ಗೆ,
ರಾಜ್ಯದ ವಿಜ್ಞಾನ ಪಠ್ಯಪುಸ್ತಕ, ಪ್ರಶ್ನೆಪತ್ರಿಕೆ ಮತ್ತು ಶಿಕ್ಷಕರ ತರಬೇತಿಯ ಹೊಣೆ ಹೊತ್ತವರಿಗೆ

ಮಾನ್ಯರೇ,

ನಾವು ಪ್ರೌಢಶಾಲೆ ಮತ್ತು ಪಿಯು ಕಾಲೇಜುಗಳಲ್ಲಿ ಭೌತವಿಜ್ಞಾನ ಕಲಿಸುವವರು. ಮೌಲ್ಯಮಾಪನಕ್ಕೆ ಕುಳಿತಾಗಲೆಲ್ಲ ಒಂದೇ ವಾಕ್ಯ ನೂರು ಬಗೆಯ ಕೈಬರಹದಲ್ಲಿ ನಮ್ಮೆದುರು ಬರುತ್ತದೆ: ‘ದ್ರವ್ಯ ನಾಶವಾಗಿ ಶಕ್ತಿಯಾಗುತ್ತದೆ.’ ಬರೆದ ಮಕ್ಕಳ ತಪ್ಪಲ್ಲ ಇದು. ಗೈಡುಗಳಲ್ಲಿ ಹಾಗೇ ಅಚ್ಚಾಗಿದೆ, ಅದಕ್ಕೆ ಪೂರ್ತಿ ಅಂಕವೂ ಸಿಗುತ್ತದೆ. ಆದರೆ ಈ ವಾಕ್ಯವನ್ನು ನಂಬಿಕೊಂಡು ಹೊರಟ ಹುಡುಗ ಅಥವಾ ಹುಡುಗಿಗೆ ಮುಂದೆ ನ್ಯೂಕ್ಲಿಯಸ್ಸೂ ಅರ್ಥವಾಗುವುದಿಲ್ಲ, ನಕ್ಷತ್ರವೂ ಅರ್ಥವಾಗುವುದಿಲ್ಲ. ಅದಕ್ಕಾಗಿ ಈ ಬೇಡಿಕೆಗಳನ್ನು ಮುಂದಿಡುತ್ತಿದ್ದೇವೆ.

1. ದ್ರವ್ಯ, ದ್ರವ್ಯರಾಶಿ, ಶಕ್ತಿ ಮೂರನ್ನೂ ಬೇರೆ ಬೇರೆಯಾಗಿ ಪರಿಚಯಿಸಬೇಕು. ಎಲೆಕ್ಟ್ರಾನ್, ಪ್ರೋಟಾನ್, ನ್ಯೂಟ್ರಾನ್‌ಗಳಿಂದ ಆದದ್ದು ದ್ರವ್ಯ. ದ್ರವ್ಯರಾಶಿ ಹಾಗಲ್ಲ, ಅದು ಕಿಲೋಗ್ರಾಂನಲ್ಲಿ ಅಳೆಯುವ ಒಂದು ಗುಣ. ಶಕ್ತಿಯೂ ಅಳತೆಗೆ ಸಿಗುವ ಗುಣವೇ, ಜೂಲ್‌ನಲ್ಲಿ. ಶಕ್ತಿ ಎಂಬ ಸಾಮಗ್ರಿಯನ್ನು ಯಾರೂ ಡಬ್ಬಿಯಲ್ಲಿ ತುಂಬಿಟ್ಟಿಲ್ಲ. ವಸ್ತುವಿನ ಚಲನೆಯಿಂದ, ಸ್ಥಾನದಿಂದ, ತಾಪದಿಂದ ಲೆಕ್ಕ ಹಾಕುವ ಮೊತ್ತ ಅದು. ಸ್ಥಳ ಆಕ್ರಮಿಸುವುದು, ದ್ರವ್ಯರಾಶಿ ಇರುವುದು ದ್ರವ್ಯ ಎಂದು ಒಂಬತ್ತನೇ ತರಗತಿಯ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಹಾಗಾದರೆ ಬೆಳಕು ದ್ರವ್ಯವೇ ಎಂದು ಯಾರಾದರೂ ಕೈ ಎತ್ತಿ ಕೇಳಿದರೆ ಪುಸ್ತಕದಲ್ಲಿ ಉತ್ತರವಿರಬೇಕು. ಬೆಳಕು ದ್ರವ್ಯವಲ್ಲ, ಆದರೆ ಅದಕ್ಕೆ ಶಕ್ತಿ ಇದೆ ಎಂಬಷ್ಟನ್ನು ಒಂಬತ್ತನೇ ತರಗತಿಯವರು ಖಂಡಿತ ಅರಗಿಸಿಕೊಳ್ಳಬಲ್ಲರು.

2. ದ್ರವ್ಯರಾಶಿಯ ಸಂರಕ್ಷಣೆಯನ್ನು ಮಕ್ಕಳೇ ತೂಗಿ ನೋಡುವುದು ಕಡ್ಡಾಯವಾಗಬೇಕು. ಅದಕ್ಕೆ ಪ್ರಯೋಗಾಲಯವೇ ಬೇಕೆಂದಿಲ್ಲ. ಅರ್ಧ ಲೀಟರಿನ ತಂಪು ಪಾನೀಯದ ಖಾಲಿ ಬಾಟಲಿಗೆ 50 ಮಿಲಿಲೀಟರ್ ವಿನೆಗರ್ ಹಾಕಿ. ಹೋಮಿಯೋಪಥಿ ಗುಳಿಗೆಯ ಪುಟ್ಟ ಶೀಷೆಯಲ್ಲಿ ಎರಡು ಗ್ರಾಂ ಅಡುಗೆ ಸೋಡಾ ತುಂಬಿ, ಚೆಲ್ಲದಂತೆ ದಾರ ಕಟ್ಟಿ ಒಳಗಿಳಿಸಿ, ಮುಚ್ಚಳ ಬಿಗಿದು ತೂಗಿ. ಬಾಟಲಿ ಓರೆ ಮಾಡಿದೊಡನೆ ಸೋಡಾ ವಿನೆಗರ್‌ಗೆ ಬಿದ್ದು ಬುಸುಬುಸು ನೊರೆ ಏಳುತ್ತದೆ, ಬಾಟಲಿ ಅದುಮಿದರೂ ಬಗ್ಗದಷ್ಟು ಬಿಗಿಯಾಗುತ್ತದೆ. ಒಂದು ಗ್ರಾಂ ಆಸುಪಾಸು ಕಾರ್ಬನ್ ಡೈಆಕ್ಸೈಡ್ ಹುಟ್ಟಿದೆ. ಮತ್ತೆ ತೂಗಿ, ಮೊದಲಿನ ಅಂಕಿಯೇ ಬರುತ್ತದೆ. ಈಗ ಮುಚ್ಚಳ ಸಡಿಲಿಸಿದರೆ ಉಸ್ಸೆಂದು ಅನಿಲ ಹೊರಟು ಅಂಕಿ ಇಳಿಯತೊಡಗುತ್ತದೆ. ಅನಿಲಕ್ಕೆ ತೂಕವೇ ಇಲ್ಲ ಎಂದು ನಂಬಿದ್ದವರು ಆ ಇಳಿಯುವ ಅಂಕಿಯನ್ನು ಕಣ್ಣು ಕೀಲಿಸಿ ನೋಡುತ್ತಾರೆ. ಗ್ರಾಂನ ನೂರನೇ ಒಂದು ಭಾಗ ತೋರಿಸುವ ಡಿಜಿಟಲ್ ತಕ್ಕಡಿ ಈಗ ದುಬಾರಿಯೇನಲ್ಲ. ಪ್ರತಿ ಪ್ರೌಢಶಾಲೆಗೂ ನಾಲ್ಕು ಕೊಡಿ. ಒಂದೇ ಕೊಟ್ಟರೆ ಅದು ಬೀರುವಿನಲ್ಲೇ ಉಳಿಯುತ್ತದೆ.

3. ತೂಕಕ್ಕೂ ದ್ರವ್ಯರಾಶಿಗೂ ಇರುವ ವ್ಯತ್ಯಾಸವನ್ನು ಕೋಷ್ಟಕ ಬರೆಸಿ ಮುಗಿಸಬಾರದು. ಹ್ಯಾಕ್‌ಸಾ ಬ್ಲೇಡಿನ ಒಂದು ತುದಿಯನ್ನು ಬೆಂಚಿಗೆ ಬಿಗಿದು, ಇನ್ನೊಂದು ತುದಿಗೆ ತೂಕದ ಬೊಟ್ಟು ಕಟ್ಟಿ, ಅಡ್ಡಡ್ಡಲಾಗಿ ಮೀಟಿ. ಬೊಟ್ಟು ಹೆಚ್ಚಿದಂತೆ ಆಂದೋಲನ ನಿಧಾನವಾಗುತ್ತದೆ. ಇಲ್ಲಿ ಅಳೆಯುತ್ತಿರುವುದು ಭೂಮಿಯ ಸೆಳೆತವನ್ನಲ್ಲ, ಜಡತ್ವವನ್ನು. 1973ರಲ್ಲಿ ಸ್ಕೈಲ್ಯಾಬ್‌ನಲ್ಲಿದ್ದ ಗಗನಯಾತ್ರಿಗಳ ದ್ರವ್ಯರಾಶಿಯನ್ನು ಅಳೆದದ್ದು ಇದೇ ತತ್ವದಿಂದ; ಅಲ್ಲಿ ಸ್ಪ್ರಿಂಗಿಗೆ ಕಟ್ಟಿದ ಆಸನವೇ ತೂಗಾಡುತ್ತಿತ್ತು.

4. E=mc² ಅಣುಬಾಂಬಿನ ಸೂತ್ರ ಎಂಬ ಭಾವನೆ ಪುಸ್ತಕದಿಂದ ತೊಲಗಬೇಕು. ಇದು ನಮ್ಮ ಮುಖ್ಯ ಬೇಡಿಕೆ.

1905ರ ಸೆಪ್ಟೆಂಬರಿನಲ್ಲಿ ಐನ್‌ಸ್ಟೈನ್ ಬರೆದ ಪುಟ್ಟ ಪ್ರಬಂಧದಲ್ಲಿ ಬಾಂಬೂ ಇಲ್ಲ, ಯುರೇನಿಯಂ ವಿದಳನವೂ ಇಲ್ಲ. ವಿದಳನ ಪ್ರಯೋಗದಲ್ಲಿ ಕಂಡದ್ದೇ 1938ರ ಕೊನೆಗೆ. ಒಂದು ವಸ್ತು ಬೆಳಕಿನ ರೂಪದಲ್ಲಿ ಶಕ್ತಿಯನ್ನು ಹೊರಬಿಟ್ಟರೆ ಅದರ ದ್ರವ್ಯರಾಶಿ ಅದಕ್ಕೆ ತಕ್ಕಷ್ಟು ಇಳಿಯುತ್ತದೆ ಎಂಬುದು ಅಲ್ಲಿನ ಮಾತು. ಯಾವ ವಸ್ತುವಾದರೂ ಸರಿ, ಯಾವ ಶಕ್ತಿಯಾದರೂ ಸರಿ.

ನಮ್ಮ ಮಕ್ಕಳಿಗೆ ಗೊತ್ತಿರುವ ಎರಡು ಹೆಸರುಗಳಿಂದ ಇದನ್ನು ಕಲಿಸಲು ಅವಕಾಶ ಕೊಡಿ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಒಂದು ಇಡೀ ದಿನ ಪೂರ್ತಿ ಸಾಮರ್ಥ್ಯದಲ್ಲಿ ಓಡಿದರೆ ಬರುವ ಶಕ್ತಿ ಸುಮಾರು 9 ಕೋಟಿ ಮೆಗಾಜೂಲ್. ಬೆಳಕಿನ ವೇಗದ ವರ್ಗದಿಂದ ಭಾಗಿಸಿದರೆ ಸಿಗುವುದು ಒಂದು ಗ್ರಾಂ. ಬೀಳುವ ನೀರು ಮತ್ತು ಭೂಮಿ ಸೇರಿದ ವ್ಯವಸ್ಥೆಯ ದ್ರವ್ಯರಾಶಿ ಆ ದಿನ ಒಂದು ಗ್ರಾಂನಷ್ಟು ಇಳಿದಿರುತ್ತದೆ. ನೀರಿನ ಒಂದು ಅಣುವೂ ಕಳೆದುಹೋಗಿಲ್ಲ. ಇನ್ನು ಕೈಗಾ ಅಣುವಿದ್ಯುತ್ ಸ್ಥಾವರ: ಅಲ್ಲಿನ 220 ಮೆಗಾವ್ಯಾಟ್‌ನ ಒಂದು ಘಟಕ ಅಷ್ಟು ವಿದ್ಯುತ್ತಿಗಾಗಿ ಮೂರು ಪಟ್ಟಿಗೂ ಹೆಚ್ಚು ಉಷ್ಣವನ್ನು ಹುಟ್ಟಿಸಬೇಕು. ಆ ಲೆಕ್ಕದಲ್ಲಿ ಅದರ ಇಂಧನದ ದ್ರವ್ಯರಾಶಿ ದಿನಕ್ಕೆ ಮುಕ್ಕಾಲು ಗ್ರಾಂ ಆಸುಪಾಸು ಇಳಿಯುತ್ತದೆ. 2018ರ ಡಿಸೆಂಬರ್ 31ಕ್ಕೆ ಕೊನೆಗೊಂಡ, ಕೈಗಾ ಒಂದನೇ ಘಟಕದ 962 ದಿನಗಳ ನಿರಂತರ ಓಟದ ಉದ್ದಕ್ಕೂ ಇಳಿದದ್ದು ಒಂದು ಕೆಜಿಗೂ ಕಡಿಮೆ. ಅದು ಎಲ್ಲಿಗೆ ಹೋಯಿತು? ಬಿಸಿಯಾದ ತಂಪುಕಾರಿ ನೀರಿನ ಜೊತೆ ಒಂದಿಷ್ಟು, ತಂತಿಯ ಮೂಲಕ ಹರಿದು ಮನೆ ಕಾರ್ಖಾನೆಗಳಿಗೆ ಒಂದಿಷ್ಟು. ಶಕ್ತಿ ಹೋದಲ್ಲಿಗೆ ದ್ರವ್ಯರಾಶಿಯೂ ಹೋಗುತ್ತದೆ.

ಒಲೆಯಲ್ಲೂ ಇದೇ ನಿಯಮ. 12 ಗ್ರಾಂ ಇದ್ದಿಲು 32 ಗ್ರಾಂ ಆಕ್ಸಿಜನ್ ಜೊತೆ ಉರಿದರೆ ಸುಮಾರು 394 ಕಿಲೋಜೂಲ್ ಹೊರಬರುತ್ತದೆ. ದ್ರವ್ಯರಾಶಿ ಇಳಿಯುವುದು ಗ್ರಾಂನ ನೂರು ಕೋಟಿಯಲ್ಲಿ ನಾಲ್ಕು ಭಾಗ. ಯಾವ ಶಾಲೆಯ ತಕ್ಕಡಿಗೂ ಕಾಣದಷ್ಟು ಸಣ್ಣದು, ಆದ್ದರಿಂದಲೇ ಎರಡನೇ ಬೇಡಿಕೆಯ ಬಾಟಲಿಯ ಪಾಠಕ್ಕೂ ಇದಕ್ಕೂ ಜಗಳವಿಲ್ಲ. ಇಷ್ಟು ಹೇಳಿದರೆ ರಸಾಯನ ವಿಜ್ಞಾನದಲ್ಲಿ ಒಂದು ನಿಯಮ, ಭೌತವಿಜ್ಞಾನದಲ್ಲಿ ಇನ್ನೊಂದು ಎಂಬ ಗೊಂದಲ ಹುಟ್ಟುವುದೇ ಇಲ್ಲ.

5. ವಿದಳನದ ಸಮೀಕರಣದಲ್ಲಿ ಕಣಗಳನ್ನು ಎಣಿಸಲು ಹೇಳಬೇಕು. ಯುರೇನಿಯಂ-235 ಒಂದು ನ್ಯೂಟ್ರಾನನ್ನು ನುಂಗಿ ಬೇರಿಯಂ-141, ಕ್ರಿಪ್ಟಾನ್-92 ಮತ್ತು ಮೂರು ನ್ಯೂಟ್ರಾನ್‌ಗಳಾಗಿ ಒಡೆಯುತ್ತದೆ ಎನ್ನಿ. ಎಡಕ್ಕೆ 236, ಬಲಕ್ಕೂ 236. ಪ್ರೋಟಾನ್‌ಗಳು 92, ಬಲಕ್ಕೆ 56 ಮತ್ತು 36. ಯಾವ ಕಣ ನಾಶವಾಯಿತು ತೋರಿಸಿ ಎಂದು ಕೇಳಿದರೆ ಮಕ್ಕಳೇ ಉತ್ತರ ಕಂಡುಕೊಳ್ಳುತ್ತಾರೆ. ದ್ರವ್ಯದ ಕಣಗಳು ನಿಜವಾಗಿಯೂ ಇಲ್ಲವಾಗುವ ಘಟನೆ ಬೇರೆಯೇ ಇದೆ: ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಕೂಡಿ ಎರಡು ಗಾಮಾ ಕಿರಣಗಳಾಗುವುದು. ಪೆಟ್ ಸ್ಕ್ಯಾನ್ ನಡೆಯುವುದು ಅದರಿಂದಲೇ. ಇವೆರಡನ್ನೂ ಒಂದೇ ವಾಕ್ಯಕ್ಕೆ ತುರುಕಬೇಡಿ.

6. ‘ವೇಗ ಹೆಚ್ಚಿದಂತೆ ದ್ರವ್ಯರಾಶಿ ಹೆಚ್ಚುತ್ತದೆ’ ಎಂಬುದನ್ನು ಕೈಬಿಡಬೇಕು. ಐನ್‌ಸ್ಟೈನರೇ 1948ರ ಒಂದು ಪತ್ರದಲ್ಲಿ ಈ ಪರಿಕಲ್ಪನೆ ಬೇಡವೆಂದಿದ್ದರು. ವೇಗದ ಜೊತೆ ಹೆಚ್ಚುವುದು ಶಕ್ತಿ ಮತ್ತು ಸಂವೇಗ.

7. ದ್ವಿತೀಯ ಪಿಯು ಪುಸ್ತಕದಲ್ಲಿ ಪ್ರೋಟಾನ್‌ಗೆ ಒಂದು ಪುಟ ಕೊಡಿ. ಶಕ್ತಿಯ ಮಾನದಲ್ಲಿ ಹೇಳಿದರೆ ಪ್ರೋಟಾನಿನ ದ್ರವ್ಯರಾಶಿ 938 ಎಂಇವಿ. ಒಳಗಿರುವ ಮೂರು ಕ್ವಾರ್ಕ್‌ಗಳ ದ್ರವ್ಯರಾಶಿ ಕೂಡಿಸಿದರೆ ಸಿಗುವುದು ಹತ್ತಕ್ಕೂ ಕಡಿಮೆ. ಉಳಿದದ್ದೆಲ್ಲ ಕ್ವಾರ್ಕ್‌ಗಳ ಓಡಾಟದ ಮತ್ತು ಅವನ್ನು ಹಿಡಿದಿಟ್ಟ ಕ್ಷೇತ್ರದ ಶಕ್ತಿ. 50 ಕೆಜಿ ತೂಗುವ ವಿದ್ಯಾರ್ಥಿಯ ಮೈಯಲ್ಲಿ ಕ್ವಾರ್ಕ್‌ಗಳ ಸ್ವಂತ ಪಾಲು ಅರ್ಧ ಕೆಜಿಯಷ್ಟೇ ಎಂದು ಹೇಳಿ ನೋಡಿ, ಗಂಟೆ ಬಾರಿಸಿದರೂ ಯಾರೂ ಏಳುವುದಿಲ್ಲ. ಭೌತವಿಜ್ಞಾನದ ಈ ಸೊಗಸನ್ನು ಪರೀಕ್ಷೆಗೆ ಬರುವುದಿಲ್ಲವೆಂಬ ಕಾರಣಕ್ಕೆ ಅವರಿಂದ ಮುಚ್ಚಿಡುವುದು ನ್ಯಾಯವಲ್ಲ.

8. ಕಿಲೋಗ್ರಾಂ ಎಂದರೇನು ಎಂಬುದು ಎಂಟನೇ ತರಗತಿಯಿಂದಲೇ ಹೊಸ ವ್ಯಾಖ್ಯೆಯಂತೆ ಇರಲಿ. ಫ್ರಾನ್ಸಿನ ಪ್ಲಾಟಿನಂ-ಇರಿಡಿಯಂ ಸಿಲಿಂಡರ್ 2019ರ ಮೇ 20ರಂದೇ ಕಿಲೋಗ್ರಾಂನ ಮಾನಕದ ಸ್ಥಾನ ಬಿಟ್ಟುಕೊಟ್ಟಿದೆ. ಈಗ ಆಧಾರ ಪ್ಲಾಂಕ್ ಸ್ಥಿರಾಂಕ.

9. ಶಕ್ತಿಯ ಪಾಠ ಕರೆಂಟ್ ಬಿಲ್ಲಿನಿಂದ ಶುರುವಾಗಲಿ. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. 60 ಕೆಜಿಯ ಒಬ್ಬ ವ್ಯಕ್ತಿಯನ್ನು ಆರು ಕಿಲೋಮೀಟರ್ ಎತ್ತರಕ್ಕೆ ಎತ್ತಲು ಅಷ್ಟು ಸಾಕು. ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕದಿಂದ ತೆಗೆದ ‘ಶಕ್ತಿಯ ಆಕರಗಳು’ ಅಧ್ಯಾಯದ ತಿರುಳನ್ನು ರಾಜ್ಯ ಮಟ್ಟದಲ್ಲಾದರೂ ಪೂರಕ ಪಾಠವಾಗಿ ಕೊಡಿ. ಜಲವಿದ್ಯುತ್, ಅಣುವಿದ್ಯುತ್, ಸೌರವಿದ್ಯುತ್ ಮೂರೂ ಇರುವ ರಾಜ್ಯದ ಮಕ್ಕಳು ಅದನ್ನು ಓದದೆ ಶಾಲೆ ಬಿಡಬಾರದು.

10. ಪ್ರಶ್ನೆಪತ್ರಿಕೆಯಲ್ಲಿ ವ್ಯಾಖ್ಯೆ ಕೇಳುವುದು ಕಡಿಮೆಯಾಗಿ ಲೆಕ್ಕ ಮತ್ತು ಕಾರಣ ಕೇಳುವುದು ಹೆಚ್ಚಾಗಬೇಕು. ಮಾದರಿ ಉತ್ತರದಲ್ಲಿ ‘ದ್ರವ್ಯ ನಾಶವಾಗಿ ಶಕ್ತಿಯಾಗುತ್ತದೆ’ ಎಂಬ ತಪ್ಪು ವಾಕ್ಯವಿದ್ದರೆ ತಿದ್ದುಪಡಿ ಹೊರಡಿಸಬೇಕು. ಸರಿಯಾಗಿ ಬರೆದ ಮಗುವಿನ ಅಂಕ ಕತ್ತರಿಸುವ ಸ್ಥಿತಿ ಇನ್ನೊಂದು ವರ್ಷವೂ ಮುಂದುವರಿಯಕೂಡದು.

11. ಒಬ್ಬರೇ ಪಿಸಿಎಂ ಶಿಕ್ಷಕರು ಎಂಟು, ಒಂಬತ್ತು, ಹತ್ತನೇ ತರಗತಿಗಳ ಗಣಿತವನ್ನೂ ಹೊತ್ತು, ಭೌತ ಮತ್ತು ರಸಾಯನವನ್ನೂ ಹೊತ್ತು ಓಡುವ ಶಾಲೆಗಳಿವೆ. ಅವರಿಂದ ಹ್ಯಾಕ್‌ಸಾ ಬ್ಲೇಡಿನ ಪ್ರಯೋಗ ನಿರೀಕ್ಷಿಸುವ ಮೊದಲು ಎರಡನೇ ಹುದ್ದೆ ಮಂಜೂರು ಮಾಡಿ. ವಾರಕ್ಕೆ ಜೋಡಿ ಪಿರಿಯಡ್ ಒಂದನ್ನು ಪ್ರಯೋಗಕ್ಕೆಂದೇ ವೇಳಾಪಟ್ಟಿಯಲ್ಲಿ ಕಾದಿರಿಸಿ. ತರಬೇತಿಯಲ್ಲಿ ಸ್ಲೈಡು ತೋರಿಸಿ ಕಳಿಸುವ ಬದಲು ತಕ್ಕಡಿ ಮುಂದಿಟ್ಟು ನಮ್ಮ ಕೈಯಿಂದಲೇ ಮಾಡಿಸಿ.

ಮುಂದಿನ ವರ್ಷದ ಪುಸ್ತಕಗಳು ಅಚ್ಚಿಗೆ ಹೋಗುವ ಮುನ್ನ ಈ ಬೇಡಿಕೆಗಳಿಗೆ ಒಂದೊಂದಾಗಿ ಲಿಖಿತ ಉತ್ತರ ಕೊಡಬೇಕು. 4, 5 ಮತ್ತು 6ನೇ ಬೇಡಿಕೆಗಳ ಪರಿಷ್ಕೃತ ಪಾಠದ ಕರಡನ್ನು ಬರೆದುಕೊಡಲು ನಾವು ಸಿದ್ಧರಿದ್ದೇವೆ.

ಇಂತಿ,
ಭೌತವಿಜ್ಞಾನ ಶಿಕ್ಷಕರು ಮತ್ತು ಉಪನ್ಯಾಸಕರು