ದುರ್ವಾಸನೆ ಮರ ಮತ್ತು ಲಿವರ್ ಕ್ಯಾನ್ಸರ್: ತೊಗಟೆ ಬೇರೆ, ಔಷಧ ಬೇರೆ

ಪಶ್ಚಿಮ ಘಟ್ಟದ ಕಾಡಲ್ಲಿ ಓಡಾಡಿದವರಿಗೆ ದುರ್ವಾಸನೆ ಮರ ಗೊತ್ತು. ಹೂ ಬಿಟ್ಟಾಗ ಹತ್ತಿರ ನಿಲ್ಲೋಕಾಗಲ್ಲ. ಇದೇ ಮರದಲ್ಲಿ ಕ್ಯಾನ್ಸರ್ ಕೋಶ ಕೊಲ್ಲುವ ಕ್ಯಾಂಪ್ಟೊಥೆಸಿನ್ ಇದೆ. ಹಾಗಂತ ತೊಗಟೆ ಕುದಿಸಿ ಕುಡಿದರೆ ಲಿವರ್ ಕ್ಯಾನ್ಸರ್ ವಾಸಿಯಾಗುತ್ತಾ? ಇಲ್ಲ.

1966ರಲ್ಲಿ ಅಮೆರಿಕದಲ್ಲಿ ಮನ್ರೋ ವಾಲ್ ಮತ್ತು ಭಾರತ ಮೂಲದ ಮನ್‌ಸುಖ್ ವಾನಿ ಈ ರಾಸಾಯನಿಕವನ್ನು ಚೀನಾ ಮೂಲದ ಮರವೊಂದರಲ್ಲಿ ಕಂಡುಹಿಡಿದರು. ನಮ್ಮ ದುರ್ವಾಸನೆ ಮರದಲ್ಲೂ ಅದಿದೆ ಎಂದು 1972ರಲ್ಲಿ ಭಾರತದ ವಿಜ್ಞಾನಿಗಳು ವರದಿ ಮಾಡಿದರು.

ಕೋಶ ಎರಡಾಗಬೇಕಾದರೆ ಡಿಎನ್‌ಎ ನಕಲಾಗಬೇಕು. ಹಗ್ಗದ ಹುರಿ ಬಿಚ್ಚಿದ ಹಾಗೆ ಅದು ಬಿಚ್ಚಿಕೊಳ್ಳುವಾಗ ಗಂಟು ಬೀಳದಂತೆ ಒಂದು ಕಿಣ್ವ ಎಳೆ ಕತ್ತರಿಸಿ ಮತ್ತೆ ಜೋಡಿಸುತ್ತೆ. ಕ್ಯಾಂಪ್ಟೊಥೆಸಿನ್ ಜೋಡಿಸೋಕೆ ಬಿಡಲ್ಲ. ಡಿಎನ್‌ಎ ತುಂಡಾಗಿ ಕೋಶ ಸಾಯುತ್ತೆ. ಲ್ಯಾಬ್‌ನಲ್ಲಿ ಬೆಳೆಸಿದ ಲಿವರ್ ಕ್ಯಾನ್ಸರ್ ಕೋಶಗಳೂ ಹೀಗೆ ಸಾಯುತ್ತವೆ.

ದೇಹದೊಳಗೆ ಕಥೆ ಬೇರೆ. ವಿಷ ಹೊರಹಾಕೋದೇ ಲಿವರ್ ಕೆಲಸ. ಅದರ ಕ್ಯಾನ್ಸರ್ ಕೋಶಗಳಿಗೂ ಮದ್ದನ್ನು ಪಂಪ್ ಮಾಡಿ ಹೊರದಬ್ಬುವ ಶಕ್ತಿ ಇರುತ್ತೆ. ಇನ್ನೊಂದೆಡೆ, ಈ ಮದ್ದು ಕರುಳು, ಮೂಳೆಮಜ್ಜೆಯ ಒಳ್ಳೆಯ ಕೋಶಗಳನ್ನೂ ಬಿಡಲ್ಲ. 1970ರ ದಶಕದಲ್ಲಿ ರೋಗಿಗಳಿಗೆ ಕೊಟ್ಟು ನೋಡಿದಾಗ ಮೂತ್ರದಲ್ಲಿ ರಕ್ತ ಬಂತು, ಪ್ರಯೋಗ ನಿಂತಿತು. ಆಮೇಲೆ ಅದರ ರಚನೆ ಬದಲಿಸಿ ಮಾಡಿದ ಟೊಪೊಟೆಕಾನ್, ಇರಿನೊಟೆಕಾನ್‌ಗೆ 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅವೂ ಮುಖ್ಯವಾಗಿ ಅಂಡಾಶಯ, ಶ್ವಾಸಕೋಶ, ದೊಡ್ಡಕರುಳಿನ ಕ್ಯಾನ್ಸರ್‌ಗೆ. ಲಿವರ್ ಕ್ಯಾನ್ಸರ್‌ನ ಮಾಮೂಲಿ ಚಿಕಿತ್ಸೆಯಲ್ಲಿ ಇವಿಲ್ಲ. ಶುದ್ಧ ಮಾಡಿ, ತೂಕ ಹಾಕಿ ಕೊಟ್ಟ ಮದ್ದೇ ಹೀಗಾದರೆ, ಅಳತೆಯೇ ಇಲ್ಲದ ತೊಗಟೆ ಪುಡಿ ಏನು ಮಾಡೀತು?

ದೊಡ್ಡ ನಷ್ಟ ಸಮಯದ್ದು. ಬೇಗ ಸಿಕ್ಕ ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆಯಬಹುದು. ಪುಡಿ ನಂಬಿ ತಿಂಗಳುಗಟ್ಟಲೆ ಕಾದರೆ ಆ ಅವಕಾಶ ಕೈತಪ್ಪುತ್ತೆ.

ನಾವು ಮಾಡಬಹುದಾದ್ದು ಇಷ್ಟು. ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕುಡಿತ ಬಿಡಿ. ಲಿವರ್ ಸಿರೋಸಿಸ್ ಇದ್ದವರು 6 ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸಿ. ಅಂಗಡಿಯವರಿಗೂ ಒಂದು ಮಾತು: ಕ್ಯಾನ್ಸರ್ ವಾಸಿ ಮಾಡುತ್ತೆ ಅಂತ ಯಾವುದೇ ಔಷಧಕ್ಕೆ ಜಾಹೀರಾತು ಕೊಡೋದು 1954ರ ಕಾಯ್ದೆ ಪ್ರಕಾರ ಅಪರಾಧ. ಬೋರ್ಡ್ ಬರೆಸೋ ಮುಂಚೆ ಯೋಚಿಸಿ. ತೊಗಟೆಗಾಗಿ ಕಡಿದ ಮರದಿಂದ ರೋಗಿಗೂ ಲಾಭವಿಲ್ಲ, ಕಾಡಿಗೂ ಇಲ್ಲ.