ಹೆಂಚೂ ಉಪದೇಶವೂ

ಕ್ರೈಸ್ತ ಧರ್ಮದ ಪ್ರಸಾರವೆಂದರೆ ಸಂತೆಯಲ್ಲಿ ನಿಂತು ಉಪದೇಶಿಸುವುದು, ಕಿರುಹೊತ್ತಗೆಗಳನ್ನು ಹಂಚುವುದು, ಇಷ್ಟೇ ಎಂದು ಸಾಧಿಸುವ ಭಕ್ತರು ಈಗಲೂ ಉಂಟು. ಅವರ ಎಣಿಕೆಯಂತೆ ನೋಡಿದರೆ, ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ತೆರೆದ ಹೆಂಚಿನ ಕಾರ್ಖಾನೆ ಬರಿಯ ವ್ಯಾಪಾರವೆನಿಸಬೇಕು. ಕಿಟ್ಟೆಲರು 1894ರಲ್ಲಿ ಬೆಳಕಿಗೆ ತಂದ ನಿಘಂಟು ಪಾದ್ರಿಗೆ ಸಲ್ಲದ ಹವ್ಯಾಸವೆನಿಸಬೇಕು. ಈ ಮಾತನ್ನು ನಾವು ಒಪ್ಪಲಾರೆವು.

ಹೊಸ ಮತವನ್ನು ಹಿಡಿದ ಎಷ್ಟೋ ಮಂದಿಯನ್ನು ಅಂದು ಜಾತಿಯವರು ಹೊರಗಿಟ್ಟರು. ಮನೆ ಹೋಯಿತು, ಕುಲವೃತ್ತಿಯೂ ಹೋಯಿತು. ಅಂತಹವನಿಗೆ ಪ್ರೀತಿಯ ವಿಷಯವಾಗಿ ಪ್ರಸಂಗ ಮಾಡಿ ಹಸಿದ ಹೊಟ್ಟೆಯಲ್ಲಿ ಕಳುಹುವುದು ಯಾವ ಧರ್ಮ? ಮಗ್ಗವೂ ಮಣ್ಣೂ ಅವನ ಕೈಗೆ ಬಂದಾಗಲೇ ಆ ಪ್ರಸಂಗಕ್ಕೆ ಅರ್ಥವುಂಟಾಯಿತು. ಅನ್ನದ ಆಶೆ ತೋರಿಸಿ ಜನರನ್ನು ಸೆಳೆದರೆಂಬ ಆಕ್ಷೇಪವೊಂದಿದೆ. ಅದರಲ್ಲಿ ಹುರುಳೇ ಇಲ್ಲವೆನ್ನೆವು (ಒಡೆಯರೂ ಪಾದ್ರಿಗಳೂ ಒಂದೇ ಸಂಸ್ಥೆಯವರಾದಾಗ ಕೂಲಿಯವನ ಭಕ್ತಿಯನ್ನು ಅಳೆಯುವುದು ಕಷ್ಟವೇ). ಆದರೆ ಆ ತೊಡಕಿಗೆ ಮದ್ದು ನ್ಯಾಯವಾದ ಕೂಲಿಯೇ ಹೊರತು ಕಾರ್ಖಾನೆಗೆ ಬೀಗವಲ್ಲ.

ಇನ್ನು ಕಿಟ್ಟೆಲರು. ನೆರೆಯವನ ನುಡಿಯ ಸುಮಾರು 70,000 ಶಬ್ದಗಳನ್ನು ತೂಗಿ ಕೂಡಿಟ್ಟವರು ಆ ನೆರೆಯವನನ್ನು ಪ್ರೀತಿಸಲಿಲ್ಲವೆನ್ನಬಹುದೆ? ಬೈಬಲನ್ನು ಮುಟ್ಟದ ಮನೆಗಳಲ್ಲಿಯೂ ಆ ಗ್ರಂಥವನ್ನು ಇಂದಿಗೂ ಆದರದಿಂದ ತೆರೆಯುತ್ತಾರೆ. ಸಂತೆಯ ಉಪದೇಶಕರು ತಮ್ಮ ಕರಪತ್ರವೊಂದಾದರೂ ಹೀಗೆ ಉಳಿದುದನ್ನು ತೋರಿಸಲಿ.